ಚರಕದಾಕೆ ಮತ್ತು ಮೊದಲ ಉಪಗ್ರಹ

ಎಂಬತ್ತರ ದಶಕದಲ್ಲಿ ನಾನು ಶಿಡ್ಲಘಟ್ಟದಲ್ಲಿ ಮೇಷ್ಟ್ರಾಗಿದ್ದೆ. ನನ್ನ ಬಾಡಿಗೆ ಕೋಣೆಯ ಎದುರಿನ ಷೆಡ್ಡಿನಲ್ಲಿ ವಯಸ್ಸಾದ ಹೆಂಗಸೊಬ್ಬರು ರೇಷ್ಮೆ ನೂಲು ಸುತ್ತುವ ಚರಕ ತಿರುಗಿಸುತ್ತಿದ್ದರು. ಬಲಗೈ ಸೋತರೆ ಎಡಗೈ. ಚರಕ ನಿಂತರೆ ಒಳಗಿನಿಂದ ಮಾಲೀಕರ ಕೂಗು. ಹೇಗಿದ್ದೀರಿ ಎಂದು ಯಾವಾಗ ಕೇಳಿದರೂ ತಲೆಯೆತ್ತದೆ, "ತಿರುಗಿಸ್ತಾ ಇದ್ದೀನಪ್ಪ" ಎನ್ನುವರು.

ಒಂದು ಸಂಜೆ ಬಾಗಿಲಲ್ಲಿ ಕೂತು ಮರುದಿನದ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ರಷ್ಯನ್ನರು ಹಾರಿಸಿದ ಮೊಟ್ಟಮೊದಲ ಉಪಗ್ರಹ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತಿತ್ತು ಎಂಬ ಪಾಠ.

"ಮಧ್ಯದಲ್ಲಿ ಎಲ್ಲೂ ನಿಲ್ಲಲ್ವಾ ಮೇಷ್ಟ್ರೇ?" ಎಂದು ಆಕೆ ಕೇಳಿದರು.

"ಇಲ್ಲಮ್ಮ. ಮೂರು ತಿಂಗಳು ಸುತ್ತಿ ಸುತ್ತಿ, ಕೆಳಗಿಳಿದು ಉರಿದುಹೋಯ್ತು."

ಅಯ್ಯೋ ಅನ್ನುತ್ತಾರೆಂದು ಕಾದೆ.

"ಮೂರೇ ತಿಂಗಳಾ?" ಎಂದವರು ಕೈ ಬದಲಿಸಿದರು.