ನಾನು ಕಿತ್ತು ಅಂಟಿಸಿದ ಪಟ್ಟಿ

ಮದುವೆಯಾಗಿ ಗೆಟ್ಟವಾಡಿಗೆ ಬಂದ ಎರಡನೆಯ ವರ್ಷ ನಾನು ತಾಳವಾಡಿಯ ಒಂದು ಹೊಲಿಗೆ ಕೇಂದ್ರಕ್ಕೆ ಸೇರಿದೆ. ಕೆಲವು ತಿಂಗಳು ಕಲಿಸಿ, ಆಮೇಲೆ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಕೆಲಸ ಕೊಡುತ್ತಿದ್ದರು. ಮಿಷನ್ನುಗಳು ಕಡಿಮೆ ಇದ್ದುದರಿಂದ ಇಬ್ಬಿಬ್ಬರಿಗೆ ಒಂದು. ನನಗೆ ಜೊತೆಯಾದವಳು ನಮ್ಮೂರಿನವಳೇ, ನನಗಿಂತ ಎರಡು ಮೂರು ವರ್ಷ ಚಿಕ್ಕವಳು. ಬೆಳಿಗ್ಗೆ ಅವಳು ಹೊಲಿದರೆ ಮಧ್ಯಾಹ್ನದ ಮೇಲೆ ನಾನು.

ಅವಳ ಮನೆಯವರು ನಮ್ಮಂಥವರ ಹೊಲಗಳಲ್ಲಿ ಕೂಲಿ ಮಾಡಿ ಬದುಕಿದವರು. ಊರಲ್ಲಿ ಅವಳು ನನ್ನನ್ನು ಅಮ್ಮಾರೆ ಎನ್ನುತ್ತಿದ್ದಳು. ಕೇಂದ್ರದಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯಬೇಕೆಂದು ಸತ್ಯಮಂಗಲದಿಂದ ಬರುತ್ತಿದ್ದ ಟೀಚರಮ್ಮ ಹೇಳಿದ್ದರು. ಹಾಗಾಗಿ ಬಸ್ಸು ಹತ್ತಿದ ಮೇಲೆ ನಾನು ಅಕ್ಕ, ಊರಿಗೆ ಮರಳಿ ಬಸ್ಸು ಇಳಿದ ಮೇಲೆ ಅಮ್ಮಾರೆ.

ಅವಳ ಹೊಲಿಗೆ ನನ್ನದಕ್ಕಿಂತ ನೇರ. ನನ್ನದು ಹಾವಿನ ಹಾಗೆ ಹರಿಯುತ್ತಿತ್ತು. ಇದನ್ನು ನೋಡಿ ಅವಳೇ ಒಂದು ಉಪಾಯ ಮಾಡಿದಳು. ಗಾಯಕ್ಕೆ ಹಾಕುವ ಪ್ಲಾಸ್ಟರನ್ನು ನಾಲ್ಕು ಪದರ ಒಂದರ ಮೇಲೊಂದು ಅಂಟಿಸಿ, ಸೂಜಿಯಿಂದ ಸರಿಯಾಗಿ ಅರ್ಧ ಇಂಚು ಬಲಕ್ಕೆ, ಮಿಷನ್ನಿನ ತಗಡಿನ ಮೇಲೆ ಕೂರಿಸಿದಳು. ಬಟ್ಟೆಯ ಅಂಚನ್ನು ಆ ಪಟ್ಟಿಗೆ ತಾಗಿಸಿಕೊಂಡು ತಳ್ಳಿದರೆ ಸಾಕು, ಹೊಲಿಗೆ ತಾನಾಗಿ ಅರ್ಧ ಇಂಚಿಗೆ ಬೀಳುತ್ತಿತ್ತು. ಸೂಜಿಯನ್ನು ನೋಡಬೇಡ, ಅಂಚನ್ನು ನೋಡು ಎಂದು ನನಗೆ ಕಲಿಸಿದವಳು ಅವಳು, ಟೀಚರಮ್ಮ ಅಲ್ಲ.

ಮಳೆಗಾಲ ಶುರುವಾಗುವ ಮೊದಲು ಹೆಣ್ಣುಮಕ್ಕಳ ಸ್ಕರ್ಟುಗಳ ಕೆಲಸ ಬಂತು. ನಾಲ್ಕು ತುಂಡುಗಳನ್ನು ಜೋಡಿಸುವುದು ನಮ್ಮಿಬ್ಬರ ಪಾಲು. ಸೊಂಟದ ಪಟ್ಟಿ ಹಾಕುವುದು ಬೇರೆಯವರ ಪಾಲು. ಒಂದು ಮಧ್ಯಾಹ್ನ ಟೀಚರಮ್ಮ ಬೇಗ ಹೊರಟುಹೋದರು. ನಾನು ಚೀಲದಲ್ಲಿ ಬಚ್ಚಿಟ್ಟುಕೊಂಡು ಹೋಗಿದ್ದ ನನ್ನ ನಾದಿನಿಯ ರವಿಕೆ ಬಟ್ಟೆ ತೆಗೆದೆ. ಸ್ವಂತ ಕೆಲಸಕ್ಕೆ ಅಲ್ಲಿನ ಮಿಷನ್ನು ಮುಟ್ಟಬಾರದೆಂಬ ಕಟ್ಟುನಿಟ್ಟಿತ್ತು. ತೋಳಿನ ಸುತ್ತನ್ನು ಹೊಲಿಯುವಾಗ ಆ ದಪ್ಪ ಪಟ್ಟಿ ಬಟ್ಟೆಯನ್ನು ತಿರುಗಿಸಲು ಬಿಡಲಿಲ್ಲ. ಕಿತ್ತೆ. ರವಿಕೆ ಮುಗಿದ ಮೇಲೆ ಕಣ್ಣಂದಾಜಿನಲ್ಲಿ ಮತ್ತೆ ಅಂಟಿಸಿದೆ. ಅಳತೆ ಟೇಪು ಪಕ್ಕದಲ್ಲೇ ಇತ್ತು, ಆದರೆ ಬಸ್ಸಿಗೆ ಹೊತ್ತಾಗಿತ್ತು.

ಪಟ್ಟಿ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಆಚೆಗೆ ಹೋಗಿತ್ತು. ಮಾರನೆಯ ದಿನದಿಂದ ಅವಳೂ ನಾನೂ ಅದನ್ನೇ ನಂಬಿ ಹೊಲಿದೆವು. ಪ್ರತಿ ಹೊಲಿಗೆಯೂ ಎರಡೂ ಕಡೆಯ ತುಂಡಿನಿಂದ ಒಂದೊಂದು ನೂಲು ಹೆಚ್ಚಾಗಿ ನುಂಗಿತು. ವಾರ ಕಳೆದು ಸೊಂಟದ ಪಟ್ಟಿ ಹಾಕುವವರು ನೋಡಿದರೆ, ಪ್ರತಿಯೊಂದು ಸ್ಕರ್ಟೂ ಚಿಕ್ಕದಾಗಿ ಸೊಂಟದ ಪಟ್ಟಿ ಒಂದು ಇಂಚು ಉಳಿಯುತ್ತಿದೆ. ಬಿಚ್ಚಿ ಹೊಲಿದರೂ ಹಳೆಯ ತೂತುಗಳು ಬಟ್ಟೆಯ ಮುಖದ ಮೇಲೆ ಕಾಣುತ್ತಿದ್ದವು.

ಟೀಚರಮ್ಮ ತಗಡಿನ ಮೇಲೆ ಟೇಪು ಇಟ್ಟು ಅಳೆದರು. ಈ ಪ್ಲಾಸ್ಟರ್ ಯಾರದು ಎಂದು ಕೇಳಿದರು. ಅವಳು ನಂದು ಎಂದಳು. ಆಮೇಲೆ ಟೀಚರಮ್ಮ ತಮಿಳಿನಲ್ಲಿ ಬೈದ ಬೈಗಳು ನನಗೆ ಪೂರ್ತಿ ಅರ್ಥವಾಗದಿರಲಿ ಎಂದುಕೊಂಡೆ, ಆದರೆ ನಮ್ಮ ಕಡೆ ತಮಿಳು ಬಾರದವರು ಯಾರು? ಕಳೆ ಕೀಳುವ ಕೈಗೆ ಮಿಷನ್ನು ಕೊಟ್ಟದ್ದೇ ತನ್ನ ತಪ್ಪು ಎಂದರು. ಅವಳು ಬಗ್ಗಿ ಪಟ್ಟಿಯನ್ನು ನೋಡಿದಳು, ಬೆರಳಿನಿಂದ ಅದರ ತುದಿ ಸವರಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಬಾಬಿನ್ನಿಗೆ ನೂಲು ಸುತ್ತುತ್ತಾ ಕೂತಿದ್ದೆ. ಮರುದಿನದಿಂದ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಇಡೀ ಮಿಷನ್ನು ನನಗೇ ಬಂತು.

ತಿಂಗಳಾದ ಮೇಲೆ ಒಂದು ಭಾನುವಾರ ಮಾವನವರು ಅರಿಶಿನದ ಹೊಲಕ್ಕೆ ಟೀ ಕೊಟ್ಟುಬಾ ಎಂದು ಕಳಿಸಿದರು. ಕಳೆ ಕೀಳುವವರ ಸಾಲಿನ ಕೊನೆಯಲ್ಲಿ ಅವಳಿದ್ದಳು. ಉಳಿದವರು ಹುಣಸೆಮರದ ನೆರಳಿಗೆ ಹೋದ ಮೇಲೆ ಅವಳ ಎದುರು ನಿಂತು, ಪಟ್ಟಿ ಕಿತ್ತವಳು ನಾನು ಎಂದೆ.

"ಗೊತ್ತು ಕಣಮ್ಮಾರೆ," ಎಂದಳು. "ನಾನು ಅಂಟಿಸ್ವಾಗ ಒಂದ್ ತುದೀನ ಓರೆ ಕತ್ತರಿಸಿದ್ದೆ. ಅವತ್ತು ನೋಡ್ದಾಗ ಆ ತುದಿ ತಲೆಕೆಳಗಾಗಿತ್ತು."

ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

"ನಿಮ್ಮನ್ನ ಬುಟ್ಟು ನನ್ನ ಮಾತ ಯಾರ್ ನಂಬೋರು? ನಮ್ಮವ್ವ ನಿಮ್ಮೊಲ್ದಲ್ಲೇ ಕೆಲ್ಸ ಮಾಡೋದು."

ಟೀಚರಮ್ಮನ ಹತ್ತಿರ ನಾನೇ ಮಾತಾಡುತ್ತೇನೆ ಎಂದೆ. ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಮುಖ ಒರೆಸಿಕೊಂಡಳು.

"ಅವ್ರ ಕಿವೀಲಿ ಏಳ್ಬ್ಯಾಡಿ. ನನ್ನ ಬಯ್ದಿದ್ದು ಎಲ್ಲರ ಮುಂದೆ. ಏಳೋದಾದ್ರೆ ಎಲ್ಲರ ಮುಂದೆ ಏಳಿ."

ನಾಲ್ಕು ದಿನ ನನ್ನಿಂದಾಗಲಿಲ್ಲ. ರವಿಕೆಯ ಸಂಗತಿಯೂ ಹೊರಬರುತ್ತದೆ, ಮನೆಯವರಿಗೆ ತಿಳಿಯುತ್ತದೆ ಎಂದು ಅಳುಕಿದೆ. ಐದನೆಯ ದಿನ ಊಟದ ಹೊತ್ತಿಗೆ, ಎಲ್ಲರೂ ಬುತ್ತಿ ಬಿಚ್ಚಿದಾಗ, ಎದ್ದು ನಿಂತು ಹೇಳಿಬಿಟ್ಟೆ. ಟೀಚರಮ್ಮ, ಮುಗಿದುಹೋದದ್ದನ್ನು ಈಗೇಕೆ ಕೆದಕುತ್ತೀಯ ಎಂದು ನನ್ನ ಮೇಲೇ ಬೇಸರಪಟ್ಟರು. ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಅದೇ ತಪ್ಪಿಗೆ ನನಗೆ ಒಂದು ಬೈಗಳೂ ಬೀಳಲಿಲ್ಲ ಎಂಬುದು ಆಮೇಲಾಮೇಲೆ ನನ್ನನ್ನು ಹೆಚ್ಚು ಸುಟ್ಟಿತು.

ಮುಂದಿನ ಕೆಲಸ ಬಂದಾಗ ಅವಳನ್ನು ಕರೆಸಿದರು. ಬಂದಳು. ಕಿಟಕಿ ಪಕ್ಕದ ಬೇರೆ ಮಿಷನ್ನು ಕೇಳಿ ಪಡೆದಳು. ನನ್ನೊಡನೆ ಕತ್ತರಿ ಕೊಡಿ, ಸೀಮೆಸುಣ್ಣ ಕೊಡಿ ಎನ್ನುವಷ್ಟು ಮಾತು, ಅದರಾಚೆ ಇಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಬರುತ್ತಿದ್ದಳು. ಕೂರು ಎಂದು ಎರಡು ಸಲ ಕರೆದೆ, ಮೂರನೆಯ ಸಲ ಕರೆಯಲಿಲ್ಲ. ವರ್ಷ ತುಂಬುವ ಮೊದಲೇ ಅವಳಿಗೆ ಮದುವೆಯಾಯಿತು. ಗಂಡ ಹೆಂಡತಿ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದರೆಂದು ಅವಳ ಅವ್ವ ಹೊಲದಲ್ಲಿ ಯಾರಿಗೋ ಹೇಳುತ್ತಿದ್ದಾಗ ನನ್ನ ಕಿವಿಗೆ ಬಿತ್ತು. ಊರು ಬಿಡುವಾಗ ಕೇಂದ್ರದ ಉಳಿದ ಹೆಂಗಸರಿಗೆಲ್ಲ ಹೇಳಿ ಹೋಗಿದ್ದಳಂತೆ.