ಕಿವಿಯ ಹತ್ತಿ ತೆಗೆಸಿದ ಡಾಕ್ಟರಮ್ಮ

ನಾನು ಡಿಗ್ರಿ ಮಾಡುವುದು ಆಗದ ಮಾತು ಎಂದಿದ್ದವರು ನನ್ನ ಸೋದರಮಾವ. "ಎಸ್ಸೆಲ್ಸಿ ದಾಟ್ದೋರೇ ಇಲ್ಲ ಈ ಮನೇಲಿ. ಇವ್ನು ಗೋಡೆ ನೋಡ್ಕೊಂಡು ಕೂತವ್ನೆ, ಓದ್ತಾನಂತೆ. ಬುಡಕ್ಕ ಅತ್ಲಾಗೆ."

ನಿನ್ನೆ ತುಮಕೂರಿನಿಂದ ಡಿಗ್ರಿ ಸರ್ಟಿಫಿಕೇಟ್ ತಂದು ಮನೆಯೊಳಗೆ ಕಾಲಿಟ್ಟರೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ. ಅಕ್ಕನ ಮಗಳಿಗೆ ಕಿವಿನೋವು. ಬಾಗಿಲಲ್ಲೇ ನಿಂತುಬಿಟ್ಟೆ...

ಪಿಯುಸಿಯಲ್ಲಿ ನಾನು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಓಡಾಡುತ್ತಿದ್ದೆ. ಏಕೆಂದು ಯಾರಿಗೂ ಹೇಳಿರಲಿಲ್ಲ. ಅವ್ವ ಕಿವಿನೋವೆಂದು ತಿಳಿದು ದಿನಾ ಇದೇ ಎಣ್ಣೆ ಬಿಡುತ್ತಿದ್ದಳು. ಕಡೆಗೆ ಗುಬ್ಬಿ ಹತ್ತಿರದ ನಮ್ಮ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರಮ್ಮ ಹತ್ತಿ ತೆಗೆಸಿ ಬ್ಯಾಟರಿ ಬಿಟ್ಟು ನೋಡಿದರು. "ಏನಮ್ಮ, ಮಗನ ಕಿವಿಗೆ ಒಗ್ಗರಣೆ ಹಾಕಿದೀರ. ಕಿವೀಲಿ ಏನೂ ಇಲ್ಲ."

ಹೊರಗೆ ಅಷ್ಟುದ್ದ ಸಾಲು. ಡ್ರಾಪ್ಸ್ ಬರೆದು ಕಳಿಸಬಹುದಿತ್ತು. ಅವರು ಅವ್ವನನ್ನು ಹೊರಗೆ ಕೂರಿಸಿ ನನ್ನ ಮುಖವನ್ನೇ ನೋಡಿದರು. "ಯಾರೂ ಇಲ್ದಾಗ ಯಾರಾದ್ರೂ ಮಾತಾಡಿದಂಗೆ ಕೇಳ್ಸುತ್ತೇನಪ್ಪ? ಹೇಳು, ನಾನು ನಗಲ್ಲ."

ಮೊದಲ ಸಲ ಬಾಯಿಬಿಟ್ಟೆ. ಎದ್ದರೆ ಎದ್ದ, ಉಂಡರೆ ಉಂಡ ಎಂದು ಆಡಿಕೊಳ್ಳುತ್ತಿದ್ದ ದನಿಗಳು...

ಆಮೇಲೆ ಅವ್ವನನ್ನು ಒಳಕ್ಕೆ ಕರೆದು ಕಿವಿಯ ಸುದ್ದಿಯೇ ಎತ್ತದೆ ಕೇಳಿದರು. ಸ್ನೇಹಿತರ ಜೊತೆ ಸೇರುವುದನ್ನು ಯಾವಾಗ ಬಿಟ್ಟ? ಸ್ನಾನ? ನಿದ್ದೆ?

"ಶಿವರಾತ್ರಿಗೂ ಮುಂಚಿಂದ ಹಿಂಗೇಯ ಡಾಕ್ಟ್ರಮ್ಮ. ಸೋಮಾರಿ ಆಗವ್ನೆ ಅಂದ್ಕೊಂಡ್ವಿ."

"ಸೋಮಾರಿತನ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಮೆದುಳಿಗೆ ಬರೋ ಕಾಯಿಲೆ ಇರ್ಬಹುದು. ಔಷಧಿ ಇದೆ." ಆಗಲೇ ತುಮಕೂರಿನ ಮನೋವೈದ್ಯರಿಗೆ ಫೋನ್ ಮಾಡಿದರು. ಸ್ಕಿಜೋಫ್ರೇನಿಯಾ ಎಂಬ ಹೆಸರು ಅಲ್ಲಿಗೆ ಹೋದಾಗ ಗೊತ್ತಾಯಿತು.

"ಇನ್ನು ಓದ್ತಾನಾ?" ಎಂದು ಅವ್ವ ಕೇಳಿದ್ದಕ್ಕೆ ಡಾಕ್ಟರಮ್ಮ, "ಶುರುವಲ್ಲೇ ಬಂದಿದೀರ. ಮಾತ್ರೆ ಬಿಡದೆ ಇದ್ರೆ ಓದೋ ಆಸೆ ಇಟ್ಕೋಬಹುದು, ನಿಧಾನಕ್ಕೆ" ಎಂದಿದ್ದರು.

ನಿಧಾನವೇ ಆಯಿತು. ಒಂದು ವರ್ಷ ಕಳೆದುಕೊಂಡೆ. ಮಾತ್ರೆಗೆ ಹೋದಾಗಲೆಲ್ಲ ಅವರ ಮೊದಲ ಪ್ರಶ್ನೆ, "ಈಗ ಯಾವ ಪಾಠ?" ನನ್ನನ್ನು ರೋಗಿಗಿಂತ ಮೊದಲು ವಿದ್ಯಾರ್ಥಿ ಎಂದು ಕಂಡವರು ಅವರೊಬ್ಬರೇ.

ನಿನ್ನೆ ಮನೆಗೆ ಬರುವ ಮೊದಲು ಆಸ್ಪತ್ರೆಯ ಬಳಿ ಇಳಿದಿದ್ದೆ. ರಿಟೈರ್ ಆಗಿ ಹೋಗಿದ್ದ ಡಾಕ್ಟರಮ್ಮನ ವಿಳಾಸ ಸಿಕ್ಕರೆ ಸರ್ಟಿಫಿಕೇಟ್ ತೋರಿಸಿ ಬರೋಣವೆಂದು. ತೀರಿಕೊಂಡರು ಎಂದರು ನರ್ಸ್...

ಅವ್ವ ಎಣ್ಣೆ ಕೈ ಒರೆಸಿಕೊಂಡು ಸರ್ಟಿಫಿಕೇಟ್ ತೆಗೆದುಕೊಂಡಳು. ಡಾಕ್ಟರಮ್ಮ ಹೋದ ವಿಷಯ ಹೇಳಿದೆ.

"ನಾನು ಕಿವಿಗೆ ಎಣ್ಣೆ ಬುಡ್ತಾ ಕೂತಿದ್ದೆ ಕಣೋ. ಆಯಮ್ಮ ನಿನ್ನ ನೋಡುದ್ರು." ಆಮೇಲೆ ಒಲೆಯ ಕಡೆ ತಿರುಗಿದಳು. "ಅದ ಆರ್ಸು. ಮಗೀನ ಮೊದ್ಲು ಆಸ್ಪತ್ರೆಗೆ ತೋರ್ಸಣ ನಡಿ."