ಸೇವ್ ಇದ್ದ ಜಾಗದಲ್ಲಿ ಕ್ಲೋಸ್

ನಮ್ಮ ಓಣಿಯ ಈಶ್ವರಕ್ಕ ಆದೋನಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ತೂಕದ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಅಲ್ಲಿ ತುಂಬಿದ ಟ್ರ್ಯಾಕ್ಟರನ್ನು ಮೊದಲು ತೂಗುತ್ತಾರೆ. ಹತ್ತಿಯನ್ನು ರಾಶಿಗೆ ಸುರಿದ ಮೇಲೆ ಖಾಲಿ ಟ್ರ್ಯಾಕ್ಟರನ್ನು ಮತ್ತೆ ತೂಗಿ, ಎರಡರ ವ್ಯತ್ಯಾಸದಿಂದ ಹತ್ತಿಯ ತೂಕ ಲೆಕ್ಕ ಹಾಕುತ್ತಾರೆ. ಅಲ್ಲಿಯವರೆಗೆ ತುಂಬಿದ ತೂಕ ಇರುವುದು ಕಂಪ್ಯೂಟರಿನಲ್ಲಿ ಮಾತ್ರ.

ಅವತ್ತು ಬೆಳಿಗ್ಗೆ ಹೊಳಗುಂದದ ರೈತ ಉರುಕುಂದಪ್ಪನ ತುಂಬಿದ ಟ್ರ್ಯಾಕ್ಟರ್ ತೂಗಿದ ಮೇಲೆ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಹೊಸದಾಯಿತು. ಅವನ ಖಾಲಿ ಟ್ರ್ಯಾಕ್ಟರ್ ತೂಕದ ಕಾಟಾದ ಮೇಲೆ ನಿಂತಾಗ ಮೆನುವಿನಲ್ಲಿ ‘ಸೇವ್’ ಕಾಣಲಿಲ್ಲ. ಆ ಜಾಗದಲ್ಲಿ ‘ಕ್ಲೋಸ್’ ಇತ್ತು. ಕೈಪಿಡಿ ನೋಡಿದರೆ, ಅದರಲ್ಲಿ ಇನ್ನೂ ‘ಸೇವ್’ ಒತ್ತಿ ಎಂದೇ ಇತ್ತು. ಇದನ್ನು ಒತ್ತಿ ತೂಕ ಅಳಿಸಿಹೋದರೆ? ಅವಳು ಮೌಸ್ ಬಿಟ್ಟು ಕೂತಳು.

“ಯಾಕವ್ವಾ, ಕಂಪ್ಯೂಟರ್‌ಗೆ ನಿದ್ದಿ ಬಂತೇನು?” ಎಂದ ಉರುಕುಂದಪ್ಪ.

“ತಡಿಯಪ್ಪಾ. ನಿನ್ನ ತೂಕ ಹೋದ್ರ ಏನ್ ಮಾಡ್ಲಿ?”

ಅವನ ನಗು ನಿಂತಿತು. “ನನ್ನ ಹತ್ತಿ ಎಲ್ಲರ ರಾಶ್ಯಾಗ ಕೂಡೈತಲ್ಲವ್ವಾ!”

ಈಶ್ವರಕ್ಕ ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದಳು. ಹೆಸರಷ್ಟೇ ಬದಲಾಗಿದೆ, ಕೆಲಸ ಅದೇ, ಕೈಪಿಡಿಯನ್ನು ಮತ್ತೆ ಅಚ್ಚು ಹಾಕಿಸಲು ಖರ್ಚು ಬಹಳ ಎಂದ ಅಲ್ಲಿ ಫೋನ್ ಎತ್ತಿದವನು.

“ನಿಮ್ಮ ಖರ್ಚು ಉಳೀತು, ನಮ್ಮ ಜೀವ ಹೋತು. ಫೋನ್ ಇಡಬ್ಯಾಡ್ರಿ!” ಎಂದವಳೇ ‘ಕ್ಲೋಸ್’ ಒತ್ತಿದಳು.

ಪರದೆ ಖಾಲಿಯಾಯಿತು. ಆಮೇಲೆ ಪ್ರಿಂಟರ್ ಕಿರ್ರೆಂದು ಚೀಟಿ ಹೊರಹಾಕಿತು. ತೂಕ ಸರಿಯಾಗಿತ್ತು.

ಈಗ ಅವಳು ತುಂಬಿದ ತೂಕದ ಫೋಟೊ ತೆಗೆಯದೆ ಯಾರಿಗೂ ಹತ್ತಿ ಸುರಿಯಲು ಬಿಡುವುದಿಲ್ಲ. ಆದರೂ ‘ಕ್ಲೋಸ್’ ಒತ್ತುವ ಮುನ್ನ ಆ ಫೋಟೊ ಇದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳುತ್ತಾಳೆ.